ಫ್ಲೆಕ್ಸ್ ಏರುವ ಮೊದಲು: ಕನ್ನಡ ಕಾಗುಣಿತದ ತಪ್ಪು ಹಿಡಿಯುವ ಬಗೆ

ಕಲಬುರಗಿಯ ಯಾವ ಚೌಕಕ್ಕೆ ಹೋದರೂ ಹುಟ್ಟುಹಬ್ಬದ ಫ್ಲೆಕ್ಸ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಫೋಟೊ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಕೆಳಗಿನ ಎರಡು ಪದ ಬದಲಾಗುವುದಿಲ್ಲ: ಹಾರ್ದಿಕ ಶುಭಾಶಯಗಳು. ಈ ಎರಡು ಪದಗಳಲ್ಲಿ ಎರಡು ಹೊಂಡಗಳಿವೆ. ಒಂದು ಕಡೆ ‘ಹಾರ್ಧಿಕ’ ಎಂದು ಬಿದ್ದಿರುತ್ತದೆ, ಇನ್ನೊಂದು ಕಡೆ ‘ಶುಭಾಷಯ’. ಎರಡೂ ಕೂಡಿ ಬಿದ್ದ ಫ್ಲೆಕ್ಸ್ ಕೂಡ ಅಪರೂಪವಲ್ಲ.

ಬರೆದವರು ಓದು ಬಾರದವರು ಎಂದು ನಗುವುದು ಸುಲಭ. ಆದರೆ ದ ಮತ್ತು ಧ, ಶ ಮತ್ತು ಷ ದಿನದ ಮಾತಿನಲ್ಲಿ ಬಹುಮಟ್ಟಿಗೆ ಒಂದಾಗಿ ಹೋಗಿವೆ. ಕಿವಿಗೆ ಕೇಳಿಸದ ವ್ಯತ್ಯಾಸವನ್ನು ಕಿವಿಯನ್ನೇ ಕೇಳಿ ಬರೆಯಲು ಹೊರಟರೆ ತಪ್ಪು ಆಗಲೇಬೇಕು. ಇಲ್ಲಿ ಕೇಳಬೇಕಾದ್ದು ಪದವನ್ನು: ನೀನು ಯಾವ ಮನೆಯದು, ಏನು ಸೇರಿ ಆಗಿದ್ದೀ? ಶುಭಾಶಯವನ್ನು ಬಿಚ್ಚಿದರೆ ಶುಭ, ಆಶಯ. ಆಶಯ ಎಂದರೆ ಬಯಕೆ. ‘ಆಷಯ’ ಎಂಬ ಮಾತೇ ಇಲ್ಲ. ಹಾರ್ದಿಕ ಬಂದದ್ದು ಹೃದಯದಿಂದ, ಹೃದಯದಲ್ಲಿ ಇರುವುದು ದ. ಒಮ್ಮೆ ಹೀಗೆ ಬಿಚ್ಚಿ ನೋಡಿದವರು ಮುಂದೆ ಬಾಯಿಪಾಠ ಮಾಡಬೇಕಿಲ್ಲ.

ಪದದ ಮನೆತನ

ನಾವು ಬರೆಯುವ ಪದಗಳು ಮುಖ್ಯವಾಗಿ ನಾಲ್ಕು ಮನೆಯವು: ಅಚ್ಚ ಕನ್ನಡ, ಸಂಸ್ಕೃತ, ಉರ್ದು, ಇಂಗ್ಲಿಷ್. ಒಂದೊಂದು ಮನೆಗೂ ಒಂದೊಂದು ಕಟ್ಟಳೆ.

ಅಚ್ಚ ಕನ್ನಡದ ಪದಗಳಲ್ಲಿ ಮಹಾಪ್ರಾಣ, ಅಂದರೆ ಖ, ಧ, ಭ ಥರದ ಉಸಿರು ಕೊಟ್ಟು ಹೇಳುವ ಅಕ್ಷರ, ಇಲ್ಲ ಎನ್ನುವಷ್ಟು ಕಡಿಮೆ. ಸದ್ದನ್ನೇ ಪದ ಮಾಡಿಕೊಂಡ ‘ಧಡಕ್ಕನೆ’, ‘ಝಣಝಣ’ದಂಥವು ಹೊರಗೆ ಉಳಿಯುತ್ತವೆ. ಹಾಗಾಗಿ ಬಾಗಿಲಿಗೆ ಭ ಹಾಕಬೇಕಿಲ್ಲ. ಒಂಬತ್ತು, ಎಂಬತ್ತು ಕನ್ನಡದ ಎಣಿಕೆ. ಚೆಕ್ಕಿನ ಮೇಲೆ ‘ಒಂಭತ್ತು ಸಾವಿರ’ ಎಂದು ಬರೆಯುವವರು ಗೌರವ ಹೆಚ್ಚಾಗಲಿ ಎಂದು ಹೊಟ್ಟೆ ಸೀಳುತ್ತಾರೆ ಅಷ್ಟೇ. ಗದ್ದೆ, ಮುದ್ದೆ, ಮದ್ದು ಎಲ್ಲಕ್ಕೂ ಬರಿಯ ದ್ದ ಸಾಕು. ಶ, ಷ ಕೂಡ ಈ ಮನೆಯಲ್ಲಿ ವಿರಳ; ಅಷ್ಟು, ಇಷ್ಟು, ಎಷ್ಟು ಥರದ ಕೆಲವು ಮಾತ್ರ ಬೇಲಿ ಹಾರಿವೆ. ಸಂಸ್ಕೃತದಿಂದ ಬಂದು ಕನ್ನಡದ ಸೊಸೆಯಾದ ಪದಗಳೂ ತವರಿನ ಮಹಾಪ್ರಾಣವನ್ನು ಬಿಟ್ಟೇ ಬಂದಿವೆ: ಘಂಟಾ ಹೋಗಿ ಗಂಟೆ ಆಗಿದೆ, ಸಂಧ್ಯಾ ಹೋಗಿ ಸಂಜೆ ಆಗಿದೆ. ‘ಬೆಳಿಗ್ಗೆ 10 ಘಂಟೆಗೆ’ ಎಂದು ಬರೆದರೆ ಅರ್ಧ ತವರು, ಅರ್ಧ ಗಂಡನ ಮನೆ.

ಉರ್ದು ಮನೆಯ ಪದಗಳು ಬೀದರ್, ಕಲಬುರಗಿ, ಯಾದಗಿರಿ ಕಡೆ ಹೇರಳ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿತ್ತು. ಕಂದಾಯ, ಕೋರ್ಟು, ಠಾಣೆಯ ಮಾತೆಲ್ಲ ಉರ್ದುವಿನದು. ಇವು ಸಂಸ್ಕೃತವಲ್ಲದಿದ್ದರೂ ಮಹಾಪ್ರಾಣ ಹೊತ್ತಿವೆ: ಖರ್ಚು, ಖಾಲಿ, ಖುಷಿ, ಖಜಾನೆ. ಉರ್ದುವಿನಲ್ಲಿ ಗಂಟಲಿನಿಂದ ಉಜ್ಜಿಕೊಂಡು ಬರುವ ಆ ಸದ್ದು ಕನ್ನಡದಲ್ಲಿ ಇಲ್ಲ, ಹತ್ತಿರದ ಅಕ್ಷರವೆಂದು ಖ ಹಿಡಿದೆವು. ಊಟದ ಬೋರ್ಡಿನ ಮೇಲೆ ‘ಕಾನಾವಳಿ’ ಬರೆದರೂ ತಪ್ಪೇ. ಅದು ಖಾನಾವಳಿ, ಖಾನಾ ಎಂದರೆ ಊಟ. ಫಸಲು, ಫಿರ್ಯಾದಿ, ಅಫಜಲಪುರದ ಫ ಕೂಡ ಹೀಗೆಯೇ ಬಂದದ್ದು, ಅಲ್ಲಿ ಪ ಬರೆದರೆ ಪದ ಕುಂಟುತ್ತದೆ.

ಇಂಗ್ಲಿಷ್ ಪದಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೆರಾಕ್ಸ್ ಸರಿಯೋ ಝೆರಾಕ್ಸ್ ಸರಿಯೋ ಎಂದು ತೀರ್ಪು ಕೊಡುವ ಕಟ್ಟೆ ಯಾವುದೂ ಇಲ್ಲ. ಒಂದು ಬರಹದಲ್ಲಿ ಒಂದೇ ರೂಪ ಇರಲಿ. ಮೇಲೆ ‘ಹೋಟೆಲ್’, ಕೆಳಗೆ ‘ಹೊಟೇಲ’ ಆಗಬಾರದು.

ಹೆಚ್ಚು ತಪ್ಪುಗಳ ಗೂಡು

ತಪ್ಪುಗಳ ದೊಡ್ಡ ಪಾಲು ಸಂಸ್ಕೃತ ಪದಗಳಲ್ಲೇ. ಸಮಾಧಾನದ ಸಂಗತಿ ಎಂದರೆ ಅಲ್ಲಿ ನಿಯಮವೂ ಗಟ್ಟಿಯಾಗಿದೆ.

ಮೊದಲನೆಯದು ಒತ್ತಕ್ಷರದ ಮಹಾಪ್ರಾಣ. ಒಂದೇ ವರ್ಗದ ಎರಡು ಅಕ್ಷರ ಸೇರಿದಾಗ ಉಸಿರು ಎರಡನೆಯದರ ಮೇಲೆ ಬೀಳುತ್ತದೆ, ಮೊದಲನೆಯದರ ಮೇಲಲ್ಲ. ಮೊದಲ ಅಕ್ಷರಕ್ಕೆ ನಾಲಿಗೆ ತಡೆದು ನಿಲ್ಲುತ್ತದೆ, ಬಿಟ್ಟಾಗಲೇ ಉಸಿರು ಹೊರಬರುವುದು. ಹಾಗಾಗಿ ದ್ಧ ಇದೆ, ಧ್ಧ ಇಲ್ಲ, ಧ್ದ ಅಂತೂ ಇಲ್ಲವೇ ಇಲ್ಲ. ಶುದ್ಧ, ಸಿದ್ಧ, ಬುದ್ಧಿ, ಯುದ್ಧ, ಅಭಿವೃದ್ಧಿ. ಕಾಮಗಾರಿಯ ಬೋರ್ಡುಗಳಲ್ಲಿ ‘ಅಭಿವೃದ್ದಿ’ ಎಂದು ಕಾಣುವುದು ವರ್ಧನೆಯ ಧ ಮರೆತಾಗ. ವೃದ್ಧಿಗೂ ವರ್ಧನೆಗೂ ಧಾತು ಒಂದೇ. ಅದ್ಭುತ, ಉದ್ಘಾಟನೆ, ಸದ್ಭಾವನೆಗಳಲ್ಲಿ ವರ್ಗ ಬೇರೆಯಾದರೂ ಕ್ರಮ ಅದೇ: ದ್ ಮೊದಲು, ಉಸಿರಿನ ಅಕ್ಷರ ಆಮೇಲೆ. ‘ಅಧ್ಬುತ’ ಎಂದು ಬರೆದಾಗ ಮಹಾಪ್ರಾಣ ಇದ್ದೇ ಇದೆ, ಕುಳಿತ ಜಾಗ ತಪ್ಪಿದೆ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಹಳ್ಳಿಹಳ್ಳಿಯ ಗೋಡೆಗೆ ‘ಸ್ವಚ್ಚ’ ಬಂತು. ಅಲ್ಲಿ ಚ ಅಡಿ ಛ ಬೇಕು. ಅದನ್ನು ಕಲಿತವರು ಉತ್ಸಾಹದಲ್ಲಿ ‘ಉಚ್ಛ ನ್ಯಾಯಾಲಯ’ ಎಂದೂ ಬರೆಯತೊಡಗಿದರು. ಕಲಬುರಗಿಯಲ್ಲಿ ಇರುವುದು ಉಚ್ಚ ನ್ಯಾಯಾಲಯದ ಪೀಠ. ಉಚ್ಚ, ಉಚ್ಚಾರಣೆ ಎರಡರಲ್ಲೂ ಮಹಾಪ್ರಾಣವಿಲ್ಲ. ತಪ್ಪಿಗೆ ಅಂಜಿ ಮಾಡುವ ತಪ್ಪು ಇದು, ತಿದ್ದುವವರನ್ನೇ ಹೆಚ್ಚು ಕಾಡುತ್ತದೆ.

ದ್ಯ ಮತ್ತು ಧ್ಯ ನಡುವೆ ಗೊಂದಲವಾದರೆ ಒಳಗೆ ‘ಅಧಿ’ ಇದೆಯೇ ನೋಡಿ. ಅಧಿ ಇದ್ದರೆ ಧ್ಯ: ಅಧ್ಯಕ್ಷ, ಅಧ್ಯಯನ, ಅಧ್ಯಾಪಕ, ಉಪಾಧ್ಯಾಯ. ವಿದ್ಯಾರ್ಥಿಯಲ್ಲಿ ಇರುವುದು ವಿದ್ಯೆ, ವಿದ್ಯುತ್ತಿನಲ್ಲೂ ದ್ಯ, ಉದ್ಯೋಗದಲ್ಲೂ ದ್ಯ. ಮಧ್ಯ ಮತ್ತು ಮದ್ಯ ಎರಡೂ ಪದಗಳೇ; ಒಂದು ನಡು, ಇನ್ನೊಂದು ಹೆಂಡ. ಆಮಂತ್ರಣದಲ್ಲಿ ‘ಮದ್ಯಾಹ್ನ’ ಎಂದು ಅಚ್ಚಾದರೆ ಬಂದವರು ಏನು ನಿರೀಕ್ಷಿಸಬೇಕೋ ತಿಳಿಯುವುದಿಲ್ಲ.

ಇದೇ ಮಧ್ಯಾಹ್ನದಲ್ಲಿ ಇನ್ನೊಂದು ಗಂಟು. ಬಾಯಲ್ಲಿ ಬರುವುದು ‘ಮಧ್ಯಾನ್ಹ’, ಬರೆಯಬೇಕಾದ್ದು ಹ ಮೇಲೆ, ನ ಕೆಳಗೆ: ಮಧ್ಯ, ಅಹ್ನ. ಅಹ್ನ ಎಂದರೆ ಹಗಲು. ಚಿಹ್ನೆ, ಬ್ರಹ್ಮ, ಆಹ್ವಾನ, ಪ್ರಹ್ಲಾದ ಎಲ್ಲ ಹೀಗೆಯೇ, ಹ ಮೊದಲು.

ಷ್ಟ, ಷ್ಠ ಜೋಡಿಯನ್ನು ಊಹೆಯ ಮೇಲೆ ಬರೆಯುವವರೇ ಹೆಚ್ಚು. ಕೆಲಸಕ್ಕೆ ಬರುವ ಗುರುತು ಎರಡಿವೆ. ‘ಎಲ್ಲಕ್ಕಿಂತ’ ಎಂಬ ಅರ್ಥ ಇದ್ದರೆ ಷ್ಠ: ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ. ಸ್ಥಾ, ಅಂದರೆ ನಿಲ್ಲುವುದು ಎಂಬ ಧಾತು ಒಳಗಿದ್ದರೂ ಷ್ಠ: ಪ್ರತಿಷ್ಠಾಪನೆ, ನಿಷ್ಠೆ, ಅನುಷ್ಠಾನ. ‘ಆದದ್ದು’ ಎಂಬ ಅರ್ಥ ಇದ್ದರೆ ಷ್ಟ: ನಷ್ಟ, ಸ್ಪಷ್ಟ, ವಿಶಿಷ್ಟ, ಪರಿಶಿಷ್ಟ. ‘ಕನಿಷ್ಟ ಬೆಂಬಲ ಬೆಲೆ’ ಎಂಬುದು ತೊಗರಿ ಖರೀದಿಯ ಕಾಲದಲ್ಲಿ ಎದ್ದು ಕಾಣುವ ತಪ್ಪು.

ಶ, ಷ, ಸಗಳಿಗೆ ಒತ್ತಕ್ಷರದಲ್ಲಿ ನಾಲಿಗೆಯೇ ದಾರಿ ತೋರಿಸುತ್ತದೆ. ಟ, ಠ ಹೇಳುವಾಗ ನಾಲಿಗೆ ಮೇಲಕ್ಕೆ ಮಡಚುತ್ತದೆ, ಅದರ ಹಿಂದೆ ಬರುವುದು ಷ. ಚ, ಛ ಹಿಂದೆ ಶ: ನಿಶ್ಚಯ, ಪಶ್ಚಿಮ, ಆಶ್ಚರ್ಯ. ತ, ಥ ಹಿಂದೆ ಸ: ಪುಸ್ತಕ, ಸ್ಥಳ. ಒತ್ತಿಲ್ಲದ ಕಡೆ ಈ ಉಪಾಯ ನಡೆಯುವುದಿಲ್ಲ. ವಿಶೇಷ, ಭಾಷೆ, ಆದೇಶಗಳನ್ನು ಕಣ್ಣಿಗೇ ರೂಢಿ ಮಾಡಿಸಬೇಕು.

ವಟ್ರಸುಳಿಗೂ ರ-ಒತ್ತಿಗೂ ನಡೆಯುವ ಅದಲುಬದಲಿಗೆ ಬಲು ಸೊಗಸಾದ ಪರೀಕ್ಷೆಯೊಂದಿದೆ. ಪದದ ನೆಂಟರಲ್ಲಿ ಎಲ್ಲಾದರೂ ‘ಅರ್’ ಅಥವಾ ‘ಆರ್’ ಕಾಣಿಸಿದರೆ ಇಲ್ಲಿ ಬಹುಮಟ್ಟಿಗೆ ವಟ್ರಸುಳಿ. ಕೃತಿಯ ನೆಂಟ ಕಾರ್ಯ, ಸ್ಮೃತಿಯ ನೆಂಟ ಸ್ಮರಣೆ, ದೃಷ್ಟಿಗೆ ದರ್ಶನ, ಮೃತನಿಗೆ ಮರಣ, ವೃದ್ಧಿಗೆ ವರ್ಧನೆ, ಹೃದಯಕ್ಕೆ ಹಾರ್ದಿಕ. ಕ್ರಮ, ಗ್ರಾಮ, ಶ್ರಮ, ಶ್ರದ್ಧೆಗಳಿಗೆ ಅಂಥ ನೆಂಟರಿಲ್ಲ, ಅಲ್ಲಿ ರ-ಒತ್ತೇ. ಹೀಗಾಗಿ ‘ಶೃದ್ಧಾಂಜಲಿ’ ತಪ್ಪು, ಶ್ರದ್ಧಾಂಜಲಿ ಸರಿ. ಹೊಸ ಮನೆಗೆ ಹೋಗುವಾಗ ಗೃಹಪ್ರವೇಶ. ‘ಗ್ರಹಪ್ರವೇಶ’ ಎಂದರೆ ಶನಿಯೋ ರಾಹುವೋ ಒಳಗೆ ಬಂದಂತೆ. ಜಾಗೃತಿ, ಜಾಗ್ರತೆ ಎರಡೂ ಸರಿಯಾದ ಪದಗಳು, ಮೊದಲನೆಯದು ಅರಿವು, ಎರಡನೆಯದು ಎಚ್ಚರ. ಒಂದನ್ನು ನೋಡಿ ಇನ್ನೊಂದನ್ನು ತಿದ್ದಬೇಡಿ.

‘ರ್’ ಸದ್ದಿನ ಗುರುತಾದ ಅರ್ಕಾವತ್ತಿನ ವಿಚಿತ್ರ ಬೇರೆ. ಅದನ್ನು ಬರೆಯುವುದು ಅಕ್ಷರದ ಬಲಕ್ಕೆ, ಓದುವುದು ಆ ಅಕ್ಷರಕ್ಕಿಂತ ಮೊದಲು. ಆಶೀರ್ವಾದದಲ್ಲಿ ರ್ ಕೇಳಿಸುವುದು ಶೀ ಆದ ಕೂಡಲೇ. ಕೇಳಿಸಿದ ಜಾಗದಲ್ಲೇ ಗುರುತು ಇಟ್ಟರೆ ಅದು ಶೀ ಪಕ್ಕ ಕೂರುತ್ತದೆ, ಪದ ‘ಆರ್ಶೀವಾದ’ ಆಗುತ್ತದೆ. ಪುನರ್ವಸತಿ ‘ಪುರ್ನವಸತಿ’ ಆಗುವುದೂ, ಅಂತರ್ಜಲ ‘ಅಂರ್ತಜಲ’ ಆಗುವುದೂ ಇದೇ ಕಾರಣಕ್ಕೆ. ರ್ ಹೇಳಿದ ಮೇಲೆ ಬಾಯಿಗೆ ಬರುವ ಅಕ್ಷರ ಯಾವುದೋ ಅದರ ಬಲಕ್ಕೇ ಅರ್ಕಾವತ್ತು. ಆಶೀ, ರ್ವಾ, ದ.

ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ ಎಂಬುದನ್ನು ನೆನಪಿಟ್ಟರೆ ಇನ್ನೊಂದು ರಾಶಿ ತಪ್ಪು ಕರಗುತ್ತದೆ. ಜಾತ್ರೆಯ ಭಿತ್ತಿಪತ್ರದ ‘ರಥೊತ್ಸವ’, ‘ಮಹೊತ್ಸವ’, ‘ಬಸವೆಶ್ವರ’ ಮೂರೂ ತಪ್ಪು. ರಥೋತ್ಸವ, ಮಹೋತ್ಸವ, ಬಸವೇಶ್ವರ. ಶಾಲೆ, ಭಾಷೆ, ಸೇವೆಗಳ ಕೊನೆಯ ಎ ಕನ್ನಡ ಹಚ್ಚಿದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನ ಮತ್ತು ಣ ಬಗ್ಗೆ ಒಂದೇ ಮಾತು: ಪದದಲ್ಲಿ ಮೊದಲು ರ, ಷ ಅಥವಾ ವಟ್ರಸುಳಿ ಬಂದಿದ್ದರೆ ಮುಂದಿನ ನ ಸಾಮಾನ್ಯವಾಗಿ ಣ ಆಗುತ್ತದೆ. ಕಾರಣ, ಗ್ರಹಣ, ಆಮಂತ್ರಣ. ಆಗಮನದಲ್ಲಿ ರ ಇಲ್ಲ, ನ ಹಾಗೆಯೇ ಉಳಿದಿದೆ. ಆದರೆ ನಡುವೆ ಟ-ವರ್ಗ, ತ-ವರ್ಗ, ಚ-ವರ್ಗದ ಅಕ್ಷರ ಅಡ್ಡ ನಿಂತರೆ ರ, ಷಗಳ ಪ್ರಭಾವ ಅಲ್ಲಿಗೇ ಕಡಿಯುತ್ತದೆ. ಪಂಚಾಂಗದಲ್ಲಿ ಉತ್ತರಾಯಣಕ್ಕೆ ಣ, ದಕ್ಷಿಣಾಯನಕ್ಕೆ ನ ಇರುವುದು ಅಚ್ಚಿನ ದೋಷವಲ್ಲ. ದಕ್ಷಿಣದ ಣ ನಡುವೆ ಗೋಡೆಯಾಗಿ ನಿಂತಿದೆ.

ಬೆಳೆ, ಬೇಳೆ, ಬೆಲೆ

ಈ ಸೀಮೆಯಲ್ಲಿ ಒಂದಕ್ಷರದ ವ್ಯತ್ಯಾಸಕ್ಕೆ ದುಡ್ಡಿನ ಲೆಕ್ಕವೂ ಇದೆ. ತೊಗರಿ ಬೆಳೆ ಹೊಲದಲ್ಲಿ, ತೊಗರಿ ಬೇಳೆ ಗಿರಣಿಯಲ್ಲಿ, ತೊಗರಿ ಬೆಲೆ ಎಪಿಎಂಸಿಯಲ್ಲಿ. ಮಾತಿನಲ್ಲಿ ನಾವು ಬೆಳಿ, ಬ್ಯಾಳಿ, ಬೆಲಿ ಎನ್ನುತ್ತೇವೆ, ಮೂರೂ ಬೇರೆಯಾಗಿಯೇ ಕೇಳುತ್ತವೆ. ಬರಹಕ್ಕೆ ತಿರುಗಿಸುವಾಗ ಮಾತ್ರ ಎಡವಟ್ಟು. ಅವಸರದ ಕೈ ಏತ್ವದ ದೀರ್ಘ ನುಂಗುತ್ತದೆ, ಬೇಳೆಯ ಅಂಗಡಿ ಬೆಳೆಯ ಅಂಗಡಿ ಆಗುತ್ತದೆ. ಮೂರೂ ಅರ್ಥವಿರುವ ಪದಗಳಾದ್ದರಿಂದ ಕಂಪ್ಯೂಟರಿನ ಕಾಗುಣಿತ ತಪಾಸಣೆ ಇದನ್ನು ಹಿಡಿಯುವುದಿಲ್ಲ. ಇಂಥ ಜೋಡಿಗಳ ಪಟ್ಟಿ ಕೈಯಳತೆಯಲ್ಲಿ ಇರಲಿ: ಬಂದು, ಬಂಧು, ದನ, ಧನ, ಗ್ರಹ, ಗೃಹ, ಮದ್ಯ, ಮಧ್ಯ.

ಹಾಗೆಂದು ಮನಿ, ಸಾಲಿ, ಬ್ಯಾಳಿ ತಪ್ಪು ಪದಗಳಲ್ಲ. ಕತೆಯ ಸಂಭಾಷಣೆಯಲ್ಲಿ ‘ಎಲ್ಲಿಗಿ ಹೊಂಟೀರಿ’ ಎಂದಿದ್ದರೆ ಕರಡು ತಿದ್ದುವವರು ಕೈ ಹಚ್ಚಬಾರದು. ಅರ್ಜಿಯಲ್ಲಿ, ಆಮಂತ್ರಣದಲ್ಲಿ ಗ್ರಾಂಥಿಕ ರೂಪ ನಡೆದುಬಂದಿದೆ, ಅಷ್ಟು. ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೇ ಶತಮಾನದಲ್ಲೇ ಕನ್ನಡ ಬರಹದ ದೋಷ ಯಾವುದು, ಅಲ್ಲದ್ದು ಯಾವುದು ಎಂಬ ಚರ್ಚೆ ನಡೆದಿದೆ. ಹಳೆಯ ಜಗಳ ಇದು.

ಊರ ಹೆಸರಿನಲ್ಲೂ ಬಾಯಿ ಬೇರೆ, ಬರಹ ಬೇರೆ. 2014ರ ನವೆಂಬರ್ 1ರಿಂದ ಅಧಿಕೃತ ರೂಪ ಕಲಬುರಗಿ. ಮಾತಿನ ‘ಕಲ್ಬುರ್ಗಿ’ ವಿಳಾಸದಲ್ಲಿ ಬೇಡ. ಬೀದರ್‌ನಲ್ಲಿ ಬೀ ದೀರ್ಘ, ಅಲ್ಲಿನ ಬಿದ್ರಿ ಕಲೆಯಲ್ಲಿ ಬಿ ಹ್ರಸ್ವ. ಬೀದರ, ಬೀದರ್ ಎರಡೂ ಚಾಲ್ತಿಯಲ್ಲಿವೆ, ತಾಲೂಕು, ತಾಲ್ಲೂಕು ಕೂಡ. ಕಥೆ, ಕತೆ, ತತ್ತ್ವ, ತತ್ವ, ಆವಶ್ಯಕತೆ, ಅವಶ್ಯಕತೆ ಇವುಗಳ ಬಗ್ಗೆ ಪಂಡಿತರು ಮುಖ ಗಂಟು ಹಾಕಬಹುದು. ಬಳಕೆ ಎರಡನ್ನೂ ಒಪ್ಪಿದೆ. ಒಂದನ್ನು ಆರಿಸಿ ಕೊನೆವರೆಗೂ ಅದನ್ನೇ ಇಡಿ, ಇನ್ನೊಬ್ಬರದನ್ನು ತಿದ್ದಲು ಹೋಗಬೇಡಿ. ವ್ಯಕ್ತಿಯ ಹೆಸರಿಗಂತೂ ನಿಯಮವೇ ಬೇರೆ: ಸಿದ್ದಪ್ಪ ಅವರು ದ್ದ ಎಂದೇ ಸಹಿ ಮಾಡುತ್ತಿದ್ದರೆ ಅದೇ ಸರಿ.

ಒಂದು ಲಗ್ನಪತ್ರಿಕೆ

ಡಿಟಿಪಿ ಅಂಗಡಿಯಿಂದ ಬಂದ ಕರಡು ಹೀಗಿದೆ ಎನ್ನಿ:

‘ಮದ್ಯಾಹ್ನ 12-30ಕ್ಕೆ ಜರುಗುವ ವಿವಾಹ ಮಹೊತ್ಸವಕ್ಕೆ ಬಂದು-ಬಾಂದವರೆಲ್ಲರೂ ಆಗಮಿಸಿ ವದು-ವರರನ್ನು ಆರ್ಶಿವದಿಸಬೇಕೆಂದು ಕೋರುವ’

ಆರು ಪದಗಳು ಕೆಟ್ಟಿವೆ, ತಪ್ಪುಗಳು ಏಳು. ಮದ್ಯಾಹ್ನ ಮಧ್ಯಾಹ್ನ ಆಗಬೇಕು. ಮಹಾ, ಉತ್ಸವ ಸೇರಿ ಮಹೋತ್ಸವ. ಬಂದು ಎಂದರೆ ‘ಬಂದ ಮೇಲೆ’, ಬೇಕಾದ್ದು ಬಂಧು. ಬಂಧನದ ಧ ಅಲ್ಲಿದೆ, ಬಾಂಧವದಲ್ಲೂ ಅದೇ. ವಧುವಿಗೂ ಧ. ಕೊನೆಯ ಪದದಲ್ಲಿ ಎರಡು ಗಾಯ: ಶೀ ದೀರ್ಘ ಹೋಗಿದೆ, ಅರ್ಕಾವತ್ತು ಜಾಗ ಬಿಟ್ಟಿದೆ. ಆಶೀರ್ವದಿಸಬೇಕು ಎಂದಾಗಬೇಕು. ಗಮನಿಸಿ, ಇಡೀ ಸಾಲನ್ನು ಗಟ್ಟಿಯಾಗಿ ಓದಿದರೂ ಕೇಳುವವರಿಗೆ ಹೆಚ್ಚೇನೂ ಅನ್ನಿಸುವುದಿಲ್ಲ.

ಯಂತ್ರದ ಕೈಚಳಕ

ಕೆಲವು ತಪ್ಪುಗಳು ಕಣ್ಣಿಗೂ ಕಾಣುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ (೦) ಒತ್ತಿದರೆ ತೆರೆಯ ಮೇಲೆ ಎರಡೂ ಒಂದೇ ಥರ. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು (೯) ಹಾಕಿ ‘ಸೂಯ೯’ ಬರೆಯುವ ಹಳೆಯ ಚಾಳಿ ಇನ್ನೂ ಹೋಗಿಲ್ಲ. ದುಃಖದ ವಿಸರ್ಗಕ್ಕೆ ಕೋಲನ್ ಒತ್ತುವುದಂತೂ ಮಾಮೂಲು. ಅಚ್ಚಿನಲ್ಲಿ ಹೇಗೋ ನಡೆದೀತು. ಹುಡುಕಿದಾಗ ಆ ಪದ ಸಿಗುವುದಿಲ್ಲ, ಮೊಬೈಲಿಗೆ ಗಟ್ಟಿಯಾಗಿ ಓದಲು ಹೇಳಿದರೆ ‘ಸೊನ್ನೆ’, ‘ಒಂಬತ್ತು’ ಎಂದು ಓದೀತು. ಪತ್ತೆ ಹಚ್ಚಲು ಕಡತದ ಹುಡುಕು ಪೆಟ್ಟಿಗೆಯಲ್ಲಿ ೦, ೯, ಕೋಲನ್‌ಗಳನ್ನು ಒಂದೊಂದಾಗಿ ಹಾಕಿ. ೦, ೯ ಅಕ್ಷರದ ಬೆನ್ನಿಗೆ ಅಂಟಿಕೊಂಡಿದ್ದರೆ, ಕೋಲನ್ ಎರಡು ಅಕ್ಷರಗಳ ನಡುವೆ ಸಿಕ್ಕಿಬಿದ್ದರೆ ಅದು ಕಳ್ಳ ಅಕ್ಷರ.

‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಮಾಡಿದ ಕಡತಕ್ಕೆ ಬೇರೆಯ ರೋಗ. ಅವು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಅಂಥ ಬರಹ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಯೂನಿಕೋಡ್, ಅಂದರೆ ಈಗ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತದ ಕನ್ನಡಕ್ಕೆಂದು ಮಾಡಿದ ತಪಾಸಣೆ ಅದರ ಮೇಲೆ ನಡೆಯುವುದಿಲ್ಲ, ವಾಟ್ಸಾಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ. ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತನ್ನು ಅಕ್ಷರದ ಹಿಂದಿನಿಂದ ಮುಂದಕ್ಕೆ ತರಬೇಕಾಗುತ್ತದೆ. ಸಾಮರ್ಥ್ಯದಂತೆ ಒತ್ತೂ ಅರ್ಕಾವತ್ತೂ ಒಟ್ಟಿಗಿರುವ ಪದಗಳಲ್ಲಿ ಅದು ಜಾರುವುದುಂಟು. ಬದಲಿಸಿದ ಕಡತದಲ್ಲಿ ಮೊದಲು ನೋಡಬೇಕಾದ್ದು ಇವನ್ನೇ.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವವರು ಮೊದಲ ಸಲಹೆಯನ್ನೇ ಒತ್ತಿ ಮುಂದೆ ಹೋಗುತ್ತಾರೆ. ಎಸ್-ಎಚ್ ಎಂಬ ಒಂದೇ ಜೋಡಿಯಿಂದ ಶ ಕೂಡ ಬರಬಹುದು, ಷ ಕೂಡ. ನೀವು ನಾಲ್ಕು ಸಲ ತಪ್ಪು ರೂಪ ಆರಿಸಿದರೆ ಫೋನು ಅದನ್ನೇ ಕಲಿತು ಮುಂದೆ ತರುವ ಸಾಧ್ಯತೆಯಿದೆ. ತಪ್ಪು ಸಲಹೆಯ ಮೇಲೆ ಬೆರಳು ಒತ್ತಿ ಹಿಡಿದರೆ ಹಲವು ಕೀಲಿಮಣೆಗಳಲ್ಲಿ ತೆಗೆದುಹಾಕುವ ಆಯ್ಕೆ ಸಿಗುತ್ತದೆ.

ಕರಡು ಓದುವಾಗ

ನಾವೇ ಬರೆದದ್ದನ್ನು ಓದುವಾಗ ಕಣ್ಣು ಅಕ್ಷರ ನೋಡುವುದಿಲ್ಲ, ಅರ್ಥ ಹಿಡಿದು ಓಡುತ್ತದೆ. ಆ ಓಟ ಮುರಿಯಬೇಕು. ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ ಓದಿ. ವಾಕ್ಯ ಒಡೆದು ಹೋದ ಮೇಲೆ ಒಂದೊಂದು ಪದವೂ ಒಂಟಿಯಾಗಿ ನಿಲ್ಲುತ್ತದೆ. ತೆರೆಯ ಮೇಲೆ ಬೇಡ, ಕಾಗದದ ಮೇಲೆ, 14 ಪಾಯಿಂಟ್ ಗಾತ್ರದ ಅಕ್ಷರದಲ್ಲಿ ತೆಗೆದುಕೊಳ್ಳಿ. ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಇಳಿಸುತ್ತ ಬನ್ನಿ. ಅರ್ಥದ ಜೋಡಿಗಳಿಗೆ, ಅಂದರೆ ಬಂದು, ಬಂಧು ಥರದವಕ್ಕೆ, ಇನ್ನೊಮ್ಮೆ ನೇರವಾಗಿ ಓದಲೇಬೇಕು. ಹಿಂದಕ್ಕೆ ಓದಿದರೆ ಅವು ಸರಿಯಾಗಿಯೇ ಕಾಣುತ್ತವೆ. ಹೆಸರು, ತಾರೀಖು, ವಾರಗಳಿಗೆ ಇಬ್ಬರು ಬೇಕು: ಒಬ್ಬರು ಮೂಲದ ಚೀಟಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಡಬೇಕು. ದೊಡ್ಡ ಅಕ್ಷರದ ತಲೆಬರಹವನ್ನು ಬೇರೆಯಾಗಿ ನೋಡಿ, ಎಲ್ಲರೂ ಬಿಟ್ಟುಹೋಗುವುದು ಅದನ್ನೇ.

ಅನುಮಾನ ಬಂದ ಪದವನ್ನು ಗೂಗಲ್‌ನಲ್ಲಿ ಹಾಕಿ ಎಷ್ಟು ಕಡೆ ಇದೆ ಎಂದು ಎಣಿಸಬೇಡಿ. ‘ಶುಭಾಷಯ’ವೂ ಅಲ್ಲಿ ರಾಶಿ ಸಿಗುತ್ತದೆ. ನಿಘಂಟು ತೆಗೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಗ್ರಂಥಾಲಯದಲ್ಲಿ ನೋಡಬಹುದು, ಫೋನಿನಲ್ಲಾದರೆ ‘ಅಲರ್’ ನಿಘಂಟು. ದ ಅಡಿಯಲ್ಲಿ ಸಿಗದಿದ್ದರೆ ಧ ಅಡಿಯಲ್ಲಿ ಹುಡುಕಿ. ಪದ ಇಲ್ಲ ಎಂದು ತೀರ್ಮಾನಿಸುವ ಮೊದಲು ಎರಡೂ ಬಾಗಿಲು ತಟ್ಟಬೇಕು.

ತಿದ್ದಿ ಕೊಟ್ಟ ಮೇಲೆ ಬರುವ ಎರಡನೇ ಕರಡನ್ನು ಕಡೆಗಣಿಸುವವರು ಬಹಳ. ಒಂದು ಅಕ್ಷರ ತಿದ್ದಲು ಹೋದ ಆಪರೇಟರ್ ಪಕ್ಕದ ಒತ್ತನ್ನು ಅಳಿಸಿರುತ್ತಾನೆ, ಅಥವಾ ಸಾಲು ಜರುಗಿ ‘ಗಳು’ ಒಂದೇ ಕೆಳಗಿನ ಸಾಲಿಗೆ ಬಿದ್ದಿರುತ್ತದೆ. ತಿದ್ದಿದ ಪದವನ್ನಷ್ಟೇ ನೋಡಿ ಒಪ್ಪಿಗೆ ಕೊಡಬೇಡಿ, ಆ ಸಾಲು, ಅದರ ಮೇಲಿನ ಸಾಲು, ಕೆಳಗಿನ ಸಾಲು ಮೂರನ್ನೂ ಓದಿ. ಒಪ್ಪಿಗೆಯನ್ನು ಫೋನಿನಲ್ಲಿ ಬಾಯಿಮಾತಿಗೆ ಹೇಳದೆ ಕರಡಿನ ಮೇಲೆ ಸಹಿ, ತಾರೀಖು ಹಾಕಿ ಕೊಡಿ. ಅಚ್ಚಾದ ಮೇಲೆ ತಪ್ಪು ಯಾರದು ಎಂಬ ಜಗಳ ಬಂದರೆ ತೋರಿಸಲು ಆ ಹಾಳೆ ಇರುತ್ತದೆ.